ಶಾಲೆಯ ಚಾವಣಿಯಲ್ಲಿ ಕಲ್ನಾರು: ಅನುಮಾನ ಬಂದರೆ ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು

ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆ ತೆರೆಯಲು ಇನ್ನು ನಾಲ್ಕೈದು ದಿನಗಳಿರುವಾಗ, ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಒಂದೇ ಬಗೆಯ ಕೆಲಸ ನಡೆಯುತ್ತದೆ. ಮಳೆ ಹಿಡಿಯುವ ಮೊದಲು ಸೋರುವ ಕೋಣೆಯ ಮೇಲೆ ಯಾರೋ ಹತ್ತುತ್ತಾರೆ, ಒಡೆದ ಸಿಮೆಂಟ್ ಶೀಟನ್ನು ಕಿತ್ತು ಅಂಗಳಕ್ಕೆ ಎಸೆಯುತ್ತಾರೆ, ಹೊಸ ಶೀಟಿಗೆ ಡ್ರಿಲ್ಲಿನಿಂದ ತೂತು ಕೊರೆದು ಜೆ-ಹುಕ್ ಬಿಗಿಯುತ್ತಾರೆ, ಕೊನೆಗೆ ಕೆಳಗೆ ಬಿದ್ದ ಚೂರು ಮತ್ತು ಬೂದು ಪುಡಿಯನ್ನು ಪೊರಕೆಯಿಂದ ಗುಡಿಸಿ ಶಾಲೆಯ ಹಿಂದಕ್ಕೆ ಸುರಿಯುತ್ತಾರೆ. ಮಕ್ಕಳ ತಲೆಯ ಮೇಲೆ ನೀರು ಬೀಳಬಾರದೆಂಬ ಕಾಳಜಿಯಿಂದಲೇ ಇದೆಲ್ಲ ನಡೆಯುತ್ತದೆ. ಆದರೆ ಆ ಶೀಟು ಕಲ್ನಾರಿನದಾಗಿದ್ದರೆ, ಅಂದರೆ ಆಸ್‌ಬೆಸ್ಟಾಸಿನದಾಗಿದ್ದರೆ, ಹತ್ತಿಪ್ಪತ್ತು ವರ್ಷ ಮೇಲೆ ಸುಮ್ಮನೆ ಮಲಗಿದ್ದಾಗ ಅದು ಹೊರಬಿಡದಿದ್ದ ಎಳೆಗಳನ್ನು ಆ ಒಂದು ಮಧ್ಯಾಹ್ನದ ದುರಸ್ತಿ ಗಾಳಿಗೆ ಬಿಡಬಲ್ಲದು. ಆದ್ದರಿಂದ ಶಾಲೆಯಲ್ಲಿ ಕಲ್ನಾರು ಇರಬಹುದೆಂಬ ಅನುಮಾನವನ್ನು ತಿಳಿಸುವುದಕ್ಕೆ ಸರಿಯಾದ ಕಾಲ ದುರಸ್ತಿಗೆ ಮುಂಚಿನದು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಉಳಿದದ್ದು ಅದನ್ನು ಮಾಡುವ ದಾರಿಯ ವಿವರ.

ಕನ್ನಡದಲ್ಲಿ ಆಸ್‌ಬೆಸ್ಟಾಸ್‌ಗೆ ಕಲ್ನಾರು ಎಂಬ ಹೆಸರಿರುವುದು ಅರ್ಥಪೂರ್ಣವಾಗಿದೆ. ಇದು ನಿಜವಾಗಿಯೂ ಕಲ್ಲಿನ ನಾರು. ಕ್ರೈಸೊಟೈಲ್, ಅಮೊಸೈಟ್, ಕ್ರೊಸಿಡೊಲೈಟ್, ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್ ಎಂಬ ಆರು ಖನಿಜಗಳನ್ನು ಒಟ್ಟಾಗಿ ಈ ಹೆಸರಿನಿಂದ ಕರೆಯುತ್ತಾರೆ. ಬೆಂಕಿಗೆ ಉರಿಯದ, ನೀರಿಗೆ ಕೊಳೆಯದ, ಎಳೆದರೆ ಸುಲಭಕ್ಕೆ ತುಂಡಾಗದ ಗುಣದಿಂದಾಗಿ ಅದು ಕಟ್ಟಡ ಸಾಮಗ್ರಿಯಾಯಿತು. ನಮ್ಮ ಸುಕ್ಕುಗಟ್ಟಿದ ಚಾವಣಿ ಶೀಟಿನಲ್ಲಿ ಇರುವುದು ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರು. ಅದೂ ಶೇಕಡಾ ಹತ್ತರ ಆಸುಪಾಸಿನಲ್ಲಿ ಮಾತ್ರ, ಉಳಿದದ್ದು ಬಹುಪಾಲು ಸಿಮೆಂಟು ಮತ್ತು ಹಾರುಬೂದಿ. ನಾರು ಸಿಮೆಂಟಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿರುವವರೆಗೆ ಅದು ಗಾಳಿಗೆ ಬರುವುದು ಕಡಿಮೆ. ಕೊರೆದಾಗ, ಗರಗಸದಿಂದ ಕೊಯ್ದಾಗ, ಒಡೆದಾಗ, ಉಜ್ಜಿದಾಗ, ಅಥವಾ ಹಲವು ಮಳೆಗಾಲ ಕಂಡು ಮೇಲ್ಮೈಯ ಸಿಮೆಂಟು ಸವೆದು ಹೋದಾಗ ಎಳೆಗಳು ಬಿಡುಗಡೆಯಾಗುತ್ತವೆ. ಈ ಎಳೆಗಳ ಸ್ವಭಾವವೆಂದರೆ ಅವು ಉದ್ದುದ್ದಕ್ಕೆ ಸೀಳುತ್ತ ಹೋಗುತ್ತವೆ. ಹಾಗಾಗಿ ಕೂದಲಿಗಿಂತ ಹತ್ತಾರು ಪಟ್ಟು ತೆಳುವಾದ, ಕಣ್ಣಿಗೆ ಕಾಣದ, ವಾಸನೆಯಿಲ್ಲದ ಎಳೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಮತ್ತು ಅಲ್ಲಿಂದ ಅದನ್ನು ಪೂರ್ತಿ ಹೊರಹಾಕಲು ದೇಹಕ್ಕೆ ಆಗುವುದಿಲ್ಲ.

ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಶ್ಚಿತ ಕಾರಣಗಳ ಒಂದನೆಯ ಗುಂಪಿನಲ್ಲಿ ಸೇರಿಸಿದೆ. ಶ್ವಾಸಕೋಶ ಗಟ್ಟಿಯಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶವನ್ನು ಸುತ್ತುವರಿದ ತೆಳುಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್ ಇವು ಮುಖ್ಯ ಕಾಯಿಲೆಗಳು. ಎಳೆ ಒಳಹೊಕ್ಕ ದಿನಕ್ಕೂ ಕಾಯಿಲೆ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಳೆದಿರುತ್ತದೆ. ಮಕ್ಕಳ ವಿಷಯ ಬೇರೆಯಾಗುವುದು ಇಲ್ಲಿಯೇ. ಐವತ್ತೈದರ ವಯಸ್ಸಿನಲ್ಲಿ ಎಳೆ ಉಸಿರಾಡಿದವರಿಗೆ ಆ ಕಾಯಿಲೆ ಮೈದೋರುವಷ್ಟು ಆಯುಷ್ಯ ಮುಂದೆ ಉಳಿದಿರಲಿಕ್ಕಿಲ್ಲ, ಐದು ವರ್ಷದ ಮಗುವಿಗೆ ಇಡೀ ಬದುಕೇ ಮುಂದಿದೆ. ಬ್ರಿಟನ್ನಿನ ಸರ್ಕಾರಕ್ಕೆ ಸಲಹೆ ನೀಡುವ ಕ್ಯಾನ್ಸರ್‌ಕಾರಕಗಳ ತಜ್ಞರ ಸಮಿತಿಯು 2013ರಲ್ಲಿ ಇದನ್ನು ಲೆಕ್ಕ ಹಾಕಿ, ಒಂದೇ ಪ್ರಮಾಣದ ಕಲ್ನಾರಿಗೆ 5ನೇ ವಯಸ್ಸಿನಲ್ಲಿ ಒಡ್ಡಿಕೊಂಡ ಮಗುವಿಗೆ ಜೀವಮಾನದಲ್ಲಿ ಮೆಸೊಥೆಲಿಯೋಮ ಬರುವ ಸಂಭವವು 25ನೇ ವಯಸ್ಸಿನಲ್ಲಿ ಒಡ್ಡಿಕೊಂಡವರಿಗಿಂತ ಸುಮಾರು ಮೂರೂವರೆ ಪಟ್ಟು, 30ನೇ ವಯಸ್ಸಿನವರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ಹೇಳಿತು.

ಇದನ್ನು ಓದಿ ಯಾರೂ ನಾಳೆಯಿಂದ ಮಗುವನ್ನು ಶಾಲೆ ಬಿಡಿಸಬಾರದು. ಮೆಸೊಥೆಲಿಯೋಮ ಅಪರೂಪದ ಕಾಯಿಲೆ. ಅಪರೂಪದ ಸಂಭವವು ಐದು ಪಟ್ಟಾದರೂ ಅಪರೂಪವಾಗಿಯೇ ಇರುತ್ತದೆ. ಬಿರುಕಿಲ್ಲದ, ಯಾರೂ ಮುಟ್ಟದ ಶೀಟಿನ ಕೆಳಗೆ ಕುಳಿತು ಪಾಠ ಕೇಳುವುದಕ್ಕೂ ಕಾರ್ಖಾನೆಯಲ್ಲಿ ನಾರಿನ ಚೀಲ ಬಿಚ್ಚುವುದಕ್ಕೂ ಅಗಾಧ ವ್ಯತ್ಯಾಸವಿದೆ. ಆದರೆ ಇಷ್ಟರ ಕೆಳಗಿದ್ದರೆ ಏನೂ ಆಗದು ಎನ್ನಬಹುದಾದ ಸುರಕ್ಷಿತ ಮಿತಿಯನ್ನು ವಿಜ್ಞಾನ ಗುರುತಿಸಿಲ್ಲ. ಹಾಗಾಗಿ ತಪ್ಪಿಸಬಹುದಾದ ಪ್ರತಿಯೊಂದು ಒಡ್ಡಿಕೆಯನ್ನೂ ತಪ್ಪಿಸುವುದು ದೊಡ್ಡವರಾದ ನಮ್ಮ ಹೊಣೆ.

ಈಗ ಅನುಮಾನದ ವಿಷಯ. ಶಾಲೆಯಲ್ಲಿ ಎಲ್ಲೆಲ್ಲಿ ನೋಡಬೇಕು? ತರಗತಿ ಕೋಣೆಗಿಂತ ಹೆಚ್ಚಾಗಿ ಬಿಸಿಯೂಟದ ಅಡುಗೆ ಕೋಣೆ, ಶೌಚಾಲಯ, ಸೈಕಲ್ ನಿಲ್ಲಿಸುವ ಶೆಡ್ಡು, ರಂಗಮಂಟಪದ ಮೇಲ್ಭಾಗ, ಮೂಲ ಕಟ್ಟಡಕ್ಕೆ ಆಮೇಲೆ ಜೋಡಿಸಿದ ಪಡಸಾಲೆ ಇವುಗಳಲ್ಲಿ ಸಿಮೆಂಟ್ ಶೀಟು ಕಾಣುತ್ತದೆ. ಮಂಗಳೂರು ಹೆಂಚು ತೆಗೆದು ಶೀಟು ಹಾಕಿದ ಹಳೆಯ ಕಟ್ಟಡಗಳೂ ಇವೆ, ಏಕೆಂದರೆ ಹೆಂಚಿಗೆ ಬೇಕಾಗುವಷ್ಟು ಮರಮಟ್ಟು ಶೀಟಿಗೆ ಬೇಕಾಗುವುದಿಲ್ಲ. ನಗರದ ಹಳೆಯ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗಿನ ಹಲಗೆ, ಮಳೆನೀರು ಇಳಿಯುವ ಬೂದುಬಣ್ಣದ ಕೊಳವೆ ಇವುಗಳನ್ನೂ ಗಮನಿಸಬೇಕು. ಇನ್ನೊಂದು ವಸ್ತುವನ್ನು ಬಹಳ ಮಂದಿ ಮರೆಯುತ್ತಾರೆ. ವಿಜ್ಞಾನ ಪ್ರಯೋಗಾಲಯದಲ್ಲಿ ಮುಕ್ಕಾಲಿಯ ಮೇಲೆ ಇಟ್ಟು ಬೀಕರ್ ಕಾಯಿಸುವ ತಂತಿಜಾಲರಿಯ ನಡುವೆ ಬಿಳಿಯ ವೃತ್ತವೊಂದಿರುತ್ತದೆ. ಹಳೆಯ ಜಾಲರಿಗಳಲ್ಲಿ ಆ ವೃತ್ತ ಕಲ್ನಾರಿನದು. ಚಾವಣಿ ಶೀಟಿನಂತೆ ಅದು ಸಿಮೆಂಟಿನಲ್ಲಿ ಬಂಧಿಯಾಗಿಲ್ಲ, ಕಾದು ಕಾದು ಪುಡಿಯಾಗಿ ಉದುರುತ್ತದೆ, ಮತ್ತು ಮಕ್ಕಳು ಅದನ್ನು ಬರಿಗೈಯಲ್ಲಿ ಎತ್ತಿ ಇಡುತ್ತಾರೆ. ಸೆರಾಮಿಕ್ ವೃತ್ತದ ಜಾಲರಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಶಾಲೆಯೊಂದು ತಡಮಾಡದೆ ಬದಲಿಸಬಹುದಾದ ಮೊದಲ ವಸ್ತು ಇದೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಚಾವಣಿಯ ಶೀಟುಗಳೆಲ್ಲವೂ ಕಲ್ನಾರಿನವಲ್ಲ. ತಗಡು ಮತ್ತು ಜಿಂಕ್ ಶೀಟುಗಳನ್ನು ತಟ್ಟಿದರೆ ಸಪ್ಪಳದಿಂದಲೇ ತಿಳಿಯುತ್ತದೆ. ಕಷ್ಟವಿರುವುದು ನಾರು-ಸಿಮೆಂಟಿನ ಎರಡು ಬಗೆಗಳ ನಡುವೆ: ಒಂದರಲ್ಲಿ ಕಲ್ನಾರು, ಇನ್ನೊಂದರಲ್ಲಿ ಬೇರೆ ನಾರು. ನೋಟಕ್ಕೆ ಎರಡೂ ಒಂದೇ. ಭಾರತೀಯ ಮಾನಕ ಸಂಸ್ಥೆಯ ಗುರುತು ಇಲ್ಲಿ ನೆರವಿಗೆ ಬರುತ್ತದೆ. ಸುಕ್ಕುಗಟ್ಟಿದ ಕಲ್ನಾರು ಸಿಮೆಂಟ್ ಶೀಟಿನ ಮಾನಕ ಐಎಸ್ 459. ಕಲ್ನಾರಿಲ್ಲದ ನಾರು-ಸಿಮೆಂಟ್ ಶೀಟಿನ ಮಾನಕ ಐಎಸ್ 14871. ಶೀಟಿನ ಮೇಲೆ, ಇಲ್ಲವೇ ಖರೀದಿಯ ಬಿಲ್ಲಿನಲ್ಲಿ ಈ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಗುರುತು ಅಳಿಸಿಹೋಗಿದ್ದರೆ ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಸೂಕ್ಷ್ಮದರ್ಶಕ ಪರೀಕ್ಷೆ ಮಾತ್ರ. ಆದರೆ ದೂರು ಕೊಡುವವರು ಅದನ್ನು ತಾವೇ ಸಾಬೀತುಮಾಡಬೇಕಾಗಿಲ್ಲ. ಪರೀಕ್ಷೆಗೆಂದು ಮೂಲೆಯ ಚೂರೊಂದನ್ನು ಮುರಿದು ತರುವುದಂತೂ ಕೂಡದು, ಏಕೆಂದರೆ ಯಾವ ಕೆಲಸವನ್ನು ತಡೆಯಬೇಕೋ ಅದನ್ನೇ ಮಾಡಿದಂತಾಗುತ್ತದೆ. ಗುರುತಿಲ್ಲದ ಬೂದು ಸಿಮೆಂಟ್ ಶೀಟನ್ನು ಕಲ್ನಾರಿನದೆಂದೇ ಭಾವಿಸಿ ನಡೆದುಕೊಳ್ಳುವುದು ಲೋಕದ ರೂಢಿ. ಅಮೆರಿಕದ ಕಾನೂನೂ ಶಾಲೆಗಳಿಗೆ ಈ ಅವಕಾಶ ಕೊಡುತ್ತದೆ: ಪರೀಕ್ಷೆ ಮಾಡಿಸದಿದ್ದರೆ, ಅದು ಕಲ್ನಾರೆಂದೇ ದಾಖಲಿಸಿ ಹಾಗೆಯೇ ನಿರ್ವಹಿಸಬೇಕು. ಅನುಮಾನವಿದ್ದರೆ ಸಾಕು, ತಿಳಿಸಬಹುದು.

ಇದರ ಕಾನೂನಿನ ನೆಲೆಯನ್ನು ಸ್ಪಷ್ಟವಾಗಿ ಅರಿತುಕೊಳ್ಳದಿದ್ದರೆ ದೂರು ಮೊದಲ ಮೇಜಿನಲ್ಲಿಯೇ ನಿಂತುಬಿಡುತ್ತದೆ. ಭಾರತದಲ್ಲಿ ಕಲ್ನಾರಿನ ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲಿ ನಿಲ್ಲಿಸಲಾಯಿತು. ಆದರೆ ರಷ್ಯಾ, ಕಜಾಕಸ್ತಾನ್, ಬ್ರೆಜಿಲ್‌ಗಳಿಂದ ಬಿಳಿ ಕಲ್ನಾರನ್ನು ತರಿಸಿ ಶೀಟು ತಯಾರಿಸುವುದು ನಡೆದುಕೊಂಡೇ ಬಂತು. ಪ್ರತಿಯೊಂದು ಶಾಲೆಯಲ್ಲಿಯೂ ಕಲ್ನಾರನ್ನು ಹುಡುಕಿ ಪಟ್ಟಿಮಾಡಬೇಕೆಂದು ವಿಧಿಸುವ, ಅಮೆರಿಕದಲ್ಲಿರುವಂಥ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಹೀಗಾಗಿ "ಶೀಟು ಕಲ್ನಾರಿನದು, ಆದ್ದರಿಂದ ಅದು ಕಾನೂನುಬಾಹಿರ" ಎಂದು ದೂರು ಬರೆದರೆ, "ಹಾಗೆಂದು ಎಲ್ಲಿದೆ?" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಅದರ ಬದಲು ಶೀಟು ಒಡೆದಿದೆ, ಪುಡಿ ಉದುರುತ್ತಿದೆ, ಕೆಳಗೆ ಇಷ್ಟು ಮಕ್ಕಳು ಕುಳಿತುಕೊಳ್ಳುತ್ತಾರೆ, ಕಟ್ಟಡ ಸುರಕ್ಷಿತವಲ್ಲ ಎಂದು ಬರೆದರೆ ಕಾಲೂರಲು ಗಟ್ಟಿ ನೆಲ ಸಿಗುತ್ತದೆ.

ಆ ನೆಲ ಎರಡು ಕಡೆಯಿಂದ ಒದಗಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಗರಿಯ ಚಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯಲ್ಲಿ ಅವಿನಾಶ್ ಮೆಹರೋತ್ರಾ ಪ್ರಕರಣವನ್ನು 2009ರಲ್ಲಿ ತೀರ್ಮಾನಿಸಿದ ಸುಪ್ರೀಂ ಕೋರ್ಟು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಹೇಳಿತು. ಗರಿಯ ಚಾವಣಿಗೆ ಬದಲಾಗಿ ಬೆಂಕಿ ಹತ್ತದ ಶೀಟು ಬರುವುದು ಆಗ ಸಹಜವೆನಿಸಿತ್ತು. ಒಂದು ಅಪಾಯವನ್ನು ನೀಗಲು ತಂದ ವಸ್ತುವಿನಲ್ಲಿ ಇನ್ನೊಂದು ಅಪಾಯ ಅಡಗಿರಬಹುದೆಂದು ಪಾಲಕರಾರೂ ಯೋಚಿಸಿರಲಾರರು, ಮತ್ತು ಅದಕ್ಕಾಗಿ ಅವರನ್ನು ದೂರಲಾಗದು. ಎರಡನೆಯದು, ಅದೇ ವರ್ಷ ಬಂದ ಶಿಕ್ಷಣ ಹಕ್ಕು ಕಾಯಿದೆ. ಅದರ 19ನೇ ಕಲಮು ಮತ್ತು ಅನುಸೂಚಿಯು ಎಲ್ಲ ಋತುಗಳಿಗೂ ತಕ್ಕುದಾದ ಕಟ್ಟಡವನ್ನು ಪ್ರತಿ ಶಾಲೆಗೂ ಕಡ್ಡಾಯಗೊಳಿಸುತ್ತವೆ. 32ನೇ ಕಲಮಿನ ಪ್ರಕಾರ, ಈ ಕಾಯಿದೆಯಡಿ ಮಗುವಿಗಿರುವ ಹಕ್ಕಿನ ಬಗ್ಗೆ ಕುಂದುಕೊರತೆಯಿರುವ ಯಾರಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಪ್ರಾಧಿಕಾರವು ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗುತ್ತದೆ. ನೆರೆಯ ಕೇರಳದಲ್ಲಿ ಶಾಲೆಗಳ ಕಲ್ನಾರು ಚಾವಣಿಯನ್ನು ತೆಗೆಯುವಂತೆ ಅಲ್ಲಿನ ಮಾನವ ಹಕ್ಕುಗಳ ಆಯೋಗವು 2009ರಲ್ಲಿಯೇ ಹೇಳಿತ್ತು. ಆಯೋಗಗಳ ದಾರಿ ಹೊಸದೇನಲ್ಲ.

ಯಾರಿಗೆ ತಿಳಿಸಬೇಕು ಎಂಬುದಕ್ಕೆ ಬರೋಣ. ಸರ್ಕಾರಿ ಶಾಲೆಯಲ್ಲಿ ಮೊದಲ ಪತ್ರ ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷರಿಗೆ. ಎಸ್‌ಡಿಎಂಸಿಯಲ್ಲಿ ಪೋಷಕರೇ ಹೆಚ್ಚಾಗಿರುವುದರಿಂದ, ಅದರ ಸಭೆಯಲ್ಲಿ ವಿಷಯ ಮಂಡಿಸಿ ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆಸುವುದು ಒಬ್ಬರ ದೂರಿಗಿಂತ ಹೆಚ್ಚು ತೂಕದ್ದು. ಅದೇ ಪತ್ರದ ಪ್ರತಿಗಳು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒ ಕಚೇರಿಗೆ, ಮತ್ತು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ, ಹೋಗಬೇಕು. ಚಾವಣಿ ಬದಲಿಸಲು ಅಂದಾಜುಪಟ್ಟಿ ಬೇಕು, ಅದನ್ನು ತಯಾರಿಸುವವರು ಎಂಜಿನಿಯರು, ಹಣ ಬರುವುದು ಪಂಚಾಯಿತಿಯ ಇಲ್ಲವೇ ಇಲಾಖೆಯ ಕ್ರಿಯಾಯೋಜನೆಯಿಂದ. ಆದ್ದರಿಂದ ಪತ್ರದಲ್ಲಿಯೇ ಎಂಜಿನಿಯರ ಪರಿಶೀಲನೆಯನ್ನು ಕೋರಬೇಕು. ಅಲ್ಲಿಂದ ಉತ್ತರವಿಲ್ಲದಿದ್ದರೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ), ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ಅಂಗನವಾಡಿಯಾದರೆ ದಾರಿ ಬೇರೆ: ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಪತ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ, ಹೋಗಬೇಕು. ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ್ದಾದ್ದರಿಂದ ಅಂಗನವಾಡಿಯ ಪತ್ರದಲ್ಲಿ 32ನೇ ಕಲಮನ್ನು ಉಲ್ಲೇಖಿಸಿ ಪ್ರಯೋಜನವಿಲ್ಲ, ಮಕ್ಕಳ ಹಕ್ಕುಗಳ ಆಯೋಗಕ್ಕೆ ನೇರವಾಗಿ ಬರೆಯಬಹುದು. ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಗೆ ಮತ್ತು ಬಿಇಒಗೆ. ಮಾನ್ಯತೆ ನವೀಕರಣಕ್ಕಾಗಿ ಶಾಲೆ ಪಡೆದಿರುವ ಕಟ್ಟಡ ಸುರಕ್ಷತಾ ಪ್ರಮಾಣಪತ್ರವನ್ನು ಅವರು ತೋರಿಸಬಹುದು. ಆ ಪತ್ರ ಕಟ್ಟಡದ ಬಲವನ್ನು ಕುರಿತದ್ದೇ ಹೊರತು ಚಾವಣಿಯ ನಾರನ್ನು ಕುರಿತದ್ದಲ್ಲ ಎಂದು ವಿನಯದಿಂದ ತಿಳಿಸಬೇಕಾಗುತ್ತದೆ.

ಮಕ್ಕಳ ಗ್ರಾಮ ಸಭೆಯನ್ನೂ ಬಳಸಿಕೊಳ್ಳಬಹುದು. ಕರ್ನಾಟಕದ ಪಂಚಾಯಿತಿಗಳು ನಡೆಸುವ ಈ ಸಭೆಯಲ್ಲಿ ಮಕ್ಕಳು ಕೇಳಿದ್ದು ದಾಖಲಾಗುತ್ತದೆ. ಕೋತಿಗಳು ಹಾರಿ ಒಡೆದ ಶೀಟಿನಿಂದ ತಟ್ಟೆಗೆ ಪುಡಿ ಬೀಳುತ್ತದೆ ಎಂದು ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಹೇಳಿದರೆ, ನಮ್ಮ ಹತ್ತು ಪತ್ರಗಳಿಗಿಂತ ಅದು ಬೇಗ ತಲುಪುತ್ತದೆ. ಆದರೆ ದೊಡ್ಡವರು ಬರೆಯಬೇಕಾದ ಪತ್ರದ ಹೊರೆಯನ್ನು ಮಕ್ಕಳ ಮೇಲೆ ಹಾಕಿ ಸುಮ್ಮನಾಗಬಾರದು.

ಪತ್ರದಲ್ಲಿ ಏನಿರಬೇಕು ಎಂಬುದೇ ಅದರ ಹಣೆಬರಹವನ್ನು ನಿರ್ಧರಿಸುತ್ತದೆ. "ಶಾಲೆಯ ಶೀಟು ಸರಿಯಿಲ್ಲ, ಕ್ರಮ ಕೈಗೊಳ್ಳಿ" ಎಂಬ ಒಂದು ಸಾಲಿನ ಅರ್ಜಿಗೆ "ಪರಿಶೀಲಿಸಲಾಗುವುದು" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಯಾವ ಕೋಣೆ, ಯಾವ ದಿಕ್ಕಿನ ಮೂಲೆ, ಎಷ್ಟು ಶೀಟು, ಗೊತ್ತಿದ್ದರೆ ಹಾಕಿದ ವರ್ಷ, ಕಂಡಿದ್ದರೆ ಐಎಸ್ ಸಂಖ್ಯೆ, ಬಿರುಕು ಎಲ್ಲಿದೆ, ಅಂಚು ಸವೆದು ನಾರು ಕಾಣುತ್ತಿದೆಯೇ, ಕೆಳಗೆ ಯಾವ ತರಗತಿ ನಡೆಯುತ್ತದೆ, ಎಷ್ಟು ಹೊತ್ತು, ಅಲ್ಲಿಯೇ ಊಟ ಬಡಿಸುತ್ತಾರೆಯೇ ಎಂಬುದೆಲ್ಲ ಇರಬೇಕು. ನೆಲದಲ್ಲಿ ನಿಂತು ತೆಗೆದ ಫೋಟೊಗಳನ್ನು ದಿನಾಂಕದೊಡನೆ ಲಗತ್ತಿಸಬೇಕು. ಫೋಟೊಕ್ಕಾಗಿ ಮೇಲೆ ಹತ್ತಬಾರದು, ಹಳೆಯ ಸಿಮೆಂಟ್ ಶೀಟು ಮನುಷ್ಯನ ಭಾರಕ್ಕೆ ಥಟ್ಟನೆ ಮುರಿಯುತ್ತದೆ ಮತ್ತು ಹಾಗೆ ಬಿದ್ದವರಿಗೆ ಒದಗುವ ಅಪಾಯ ಕಲ್ನಾರಿನದಕ್ಕಿಂತ ಬಲು ಹತ್ತಿರದ್ದು. ದುರಸ್ತಿ ನಡೆಯಲಿದೆ ಎಂದು ತಿಳಿದಿದ್ದರೆ ಅದರ ದಿನಾಂಕವನ್ನು ಪತ್ರದ ಮೊದಲ ಸಾಲಿನಲ್ಲಿಯೇ ಬರೆಯಬೇಕು. ಆಮೇಲೆ ಕೋರಿಕೆಗಳು: ವಸ್ತು ಯಾವುದೆಂದು ಖಚಿತವಾಗುವವರೆಗೆ ಕಲ್ನಾರೆಂದೇ ಭಾವಿಸಬೇಕು, ಅಲ್ಲಿಯವರೆಗೆ ಕೊರೆಯುವುದು, ಕೊಯ್ಯುವುದು, ಕೀಳುವುದು ನಿಲ್ಲಬೇಕು, ಒಡೆದ ಭಾಗದ ಕೆಳಗಿನ ಕೋಣೆಯನ್ನು ಮುಚ್ಚಿ ತರಗತಿಯನ್ನು ಬೇರೆಡೆಗೆ ಸಾಗಿಸಬೇಕು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಪತ್ರ ಕೊಟ್ಟು ಬರಬಾರದು.

ಲಿಖಿತದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕಲ್ನಾರಿನ ಕಾರ್ಮಿಕರ ಆರೋಗ್ಯವನ್ನು ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ನೀಡುವಾಗ, ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಕಾಯಿಲೆ ದಶಕಗಳ ನಂತರ ಬರುವಂಥದ್ದಾದ್ದರಿಂದ ನೆನಪು ಸಾಲದು, ಕಾಗದವೇ ಬೇಕು ಎಂಬುದು ಆ ಆದೇಶದ ತಿರುಳು. ಮಕ್ಕಳಿಗೆ ಅಂಥ ದಾಖಲೆಯಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟು 2011ರ ಮಾರ್ಚ್‌ನಲ್ಲಿ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಡಯಾನ್ ವಿಲ್ಮೋರ್ ಎಂಬ ಮಹಿಳೆ ತಾವು 1970ರ ದಶಕದಲ್ಲಿ ಓದಿದ ಶಾಲೆಯಲ್ಲಿನ ಕಲ್ನಾರಿನಿಂದ ತಮಗೆ ಮೆಸೊಥೆಲಿಯೋಮ ಬಂತೆಂದು ಸ್ಥಳೀಯ ಆಡಳಿತದ ಮೇಲೆ ಹೂಡಿದ್ದ ದಾವೆ ಅವರ ಪರವಾಗಿ ಉಳಿಯಿತು. ತೀರ್ಪು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮೂವತ್ತು ವರ್ಷಗಳ ಹಿಂದೆ ಶಾಲೆಯ ಚಾವಣಿಯ ಹಲಗೆಗಳನ್ನು ಯಾರು, ಯಾವಾಗ ತೆಗೆದರು ಎಂಬುದನ್ನು ಸಾಕ್ಷಿಗಳ ನೆನಪಿನಿಂದ ಹೆಕ್ಕಿ ತೆಗೆಯಬೇಕಾಗಿ ಬಂದಿತ್ತು. ಇಂದು ಬಿಇಒ ಕಚೇರಿಯಲ್ಲಿ ಮೊಹರು ಬಿದ್ದ ಪತ್ರ 2050ರಲ್ಲಿ ಯಾರಿಗೆ ಬೇಕಾಗುತ್ತದೋ ಬಲ್ಲವರಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಆದ್ದರಿಂದ ಸಂಕ್ಷಿಪ್ತವಾಗಿ ಕೇಳಬೇಕು: ಇಂಥ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಚಾವಣಿ ಶೀಟು ಖರೀದಿಯ ಬಿಲ್ಲಿನ ಪ್ರತಿ. ಆ ಬಿಲ್ಲಿನಲ್ಲಿ ಶೀಟಿನ ಹೆಸರು, ಮಾನಕದ ಸಂಖ್ಯೆ ಇರುವ ಸಾಧ್ಯತೆಯಿದೆ ಎಂಬುದನ್ನು ನೆನಪಿಡಬೇಕು.

ದೂರು ಕೊಡಲು ಹಿಂಜರಿಯುವವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಿರುವ ಊರಿನಲ್ಲಿ, ಕಟ್ಟಡ ಅಪಾಯಕಾರಿ ಎಂದು ಬರೆದುಕೊಟ್ಟರೆ ಶಾಲೆಯನ್ನೇ ಪಕ್ಕದೂರಿನದರ ಜೊತೆ ವಿಲೀನಗೊಳಿಸಿಬಿಡುತ್ತಾರೆ ಎಂದು ಪೋಷಕರು ಹೆದರುತ್ತಾರೆ. ಮುಖ್ಯ ಶಿಕ್ಷಕಿಗೆ ತನ್ನ ಮೇಲೆ ನೋಟಿಸು ಬರುತ್ತದೆಂಬ ಅಂಜಿಕೆ. ಇದಕ್ಕೆ ಉತ್ತರ ದೂರಿನ ಭಾಷೆಯಲ್ಲಿದೆ. ಇಡೀ ಶಾಲೆ ಅಪಾಯಕಾರಿ ಎಂದು ಬರೆಯುವ ಅಗತ್ಯವಿಲ್ಲ. ಅಡುಗೆ ಕೋಣೆಯ ಮೂರು ಶೀಟು ಒಡೆದಿವೆ, ಅವನ್ನು ಸುರಕ್ಷಿತವಾಗಿ ತೆಗೆದು ಬೇರೆ ವಸ್ತುವಿನಿಂದ ಮುಚ್ಚಿಕೊಡಿ ಎಂದು ಬರೆದರೆ ಅದು ಸತ್ಯವೂ ಹೌದು, ಕೊಡಲು ಸಾಧ್ಯವಾಗುವ ಬೇಡಿಕೆಯೂ ಹೌದು. ಶಿಕ್ಷಕರನ್ನು ಎದುರಾಳಿಯನ್ನಾಗಿ ಮಾಡಿಕೊಳ್ಳಬಾರದು. ಮಕ್ಕಳಿಗಿಂತ ಹೆಚ್ಚು ವರ್ಷ ಆ ಸೂರಿನ ಕೆಳಗೆ ಕಳೆಯುವವರು ಅವರೇ, ಮತ್ತು ಬಿಸಿಯೂಟದ ಅಡುಗೆಯವರು.

ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯುತ್ತದೆಂದು ತಿಳಿದರೆ ನಮ್ಮಲ್ಲಿ ಏನು ಕೊರತೆಯಿದೆ ಎಂಬುದು ಕಾಣುತ್ತದೆ. ಅಮೆರಿಕದಲ್ಲಿ 1986ರ ಅಕ್ಟೋಬರ್‌ನಲ್ಲಿ ಜಾರಿಯಾದ, ಅಹೆರಾ ಎಂದು ಕರೆಯಲಾಗುವ ಕಾಯಿದೆಯ ಪ್ರಕಾರ ಶಾಲೆಗಳು ತಮ್ಮ ಕಟ್ಟಡಗಳಲ್ಲಿ ಕಲ್ನಾರನ್ನು ಹುಡುಕಿಸಬೇಕು, ಸಿಕ್ಕಿದ್ದರೆ ನಿರ್ವಹಣಾ ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅದರ ಸ್ಥಿತಿಯನ್ನು ನೋಡಬೇಕು, ಮೂರು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ತಪಾಸಕರಿಂದ ಮರುಪರಿಶೀಲನೆ ಮಾಡಿಸಬೇಕು, ಪೋಷಕರಿಗೂ ಶಿಕ್ಷಕರಿಗೂ ವರ್ಷಕ್ಕೊಮ್ಮೆ ತಿಳಿವಳಿಕೆ ಪತ್ರ ಕಳಿಸಬೇಕು. ಕಟ್ಟಡ ಗುಡಿಸಿ ಸಾರಿಸುವ ಸಿಬ್ಬಂದಿಗೂ ಕನಿಷ್ಠ ಎರಡು ಗಂಟೆಯ ತರಬೇತಿ ಕಡ್ಡಾಯ. ಇದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ, ಏಕೆಂದರೆ ಮೊದಲು ಬಿರುಕನ್ನು ಕಾಣುವವರು ಅವರೇ. ಯೋಜನೆಯ ಪ್ರತಿಯನ್ನು ಯಾರು ಕೇಳಿದರೂ ಐದು ಕೆಲಸದ ದಿನಗಳಲ್ಲಿ ನೋಡಲು ಒದಗಿಸಬೇಕು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಪೋಷಕರು ಶಾಲೆಯ ಕಚೇರಿಗೆ ಹೋಗಿ ಇದನ್ನು ಕೇಳಬಹುದು. ಬ್ರಿಟನ್ನಿನಲ್ಲಿ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಲಾಗಿದೆ. ಅಲ್ಲಿ ಕಟ್ಟಡದ ನಿರ್ವಹಣೆ ಯಾರ ಹೊಣೆಯೋ ಅವರ ಮೇಲೆಯೇ ಕಲ್ನಾರನ್ನು ನಿಭಾಯಿಸುವ ಕಾನೂನಿನ ಕರ್ತವ್ಯವಿದೆ, ಮತ್ತು ಗೋಡೆಗೆ ಮೊಳೆ ಹೊಡೆಯುವ ಮುನ್ನ ಕೆಲಸಗಾರನು ಆ ಕಟ್ಟಡದ ಕಲ್ನಾರು ದಾಖಲೆ ಪುಸ್ತಕವನ್ನು ನೋಡಬೇಕಾಗುತ್ತದೆ.

ಕಾನೂನಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ, ಹಿಂದೆ ನಡೆದಿದ್ದ ಕಲ್ನಾರು ತಪಾಸಣೆಗಳನ್ನು ನಂಬುವಂತಿಲ್ಲ ಎಂದು ಬಯಲಾದದ್ದರಿಂದ ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳ ಆರಂಭವನ್ನೇ ಮುಂದೂಡಬೇಕಾಯಿತು. ಫಿಲಡೆಲ್ಫಿಯಾದ ಶಾಲಾ ಆಡಳಿತದ ಮೇಲೆ, ಕಾಯಿದೆ ಹೇಳಿದ ತಪಾಸಣೆಗಳನ್ನು ಸಕಾಲದಲ್ಲಿ ಮಾಡಲಿಲ್ಲವೆಂದು, 2025ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಕ್ರಿಮಿನಲ್ ಆರೋಪ ಹೊರಿಸಿತು. ಅದೇ ನಗರದಲ್ಲಿ 2019ರ ಶಾಲಾ ವರ್ಷದಲ್ಲಿ ಕಲ್ನಾರಿನ ಹಾನಿ ಕಂಡುಬಂದು ಕೆಲವು ಶಾಲೆಗಳನ್ನು ತಾತ್ಕಾಲಿಕವಾಗಿ ಮುಚ್ಚಿದಾಗ, ವಿಷಯವನ್ನು ಮೇಲಕ್ಕೆ ತಂದವರಲ್ಲಿ ಶಿಕ್ಷಕರೂ ಪೋಷಕರೂ ಇದ್ದರು. ಎಂದರೆ, ಕಾಯಿದೆ ಗಟ್ಟಿಯಾಗಿರುವ ಕಡೆಯೂ ಕಂಡದ್ದನ್ನು ಹೇಳುವ ಜನ ಬೇಕೇ ಬೇಕು.

ಪತ್ರ ಕೊಟ್ಟು ಉತ್ತರಕ್ಕೆ ಕಾಯುವ ದಿನಗಳಲ್ಲಿ ಶಾಲೆ ತಾನೇ ಮಾಡಬಹುದಾದದ್ದೂ ಇದೆ. ಬಿದ್ದ ಪುಡಿಯನ್ನು ಒಣಗಿದ ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಚೂರುಗಳನ್ನು ಮಕ್ಕಳ ಕೈಯಲ್ಲಿ ಎತ್ತಿಸಬಾರದು. ಶೀಟಿನ ಪಾಚಿಯನ್ನು ಬ್ರಷ್ಷಿನಿಂದ ಉಜ್ಜಿ ಬಣ್ಣ ಬಳಿಯುವ ಕೆಲಸವನ್ನು ಮುಂದೂಡಬೇಕು. ಮೇಲೆ ಬಾಗಿದ ಹುಣಸೆಯ ಕೊಂಬೆ, ತೆಂಗಿನಕಾಯಿ ಬೀಳುವ ಗೊನೆ ಇವುಗಳನ್ನು ಇಳಿಸಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ವಿದ್ಯಾರ್ಥಿಗಳ ಸಂಘವೋ ಊರಿನ ಯುವಕರೋ ಒಳ್ಳೆಯ ಮನಸ್ಸಿನಿಂದ ಹೊರಡುವ ಶ್ರಮದಾನವನ್ನು ಶೀಟು ಕೀಳುವ ಕೆಲಸಕ್ಕೆ ಬಳಸಬಾರದು. ಗಿಡ ನೆಡಲಿ, ಗೋಡೆಗೆ ಸುಣ್ಣ ಬಳಿಯಲಿ, ಶೀಟನ್ನು ಮಾತ್ರ ಮುಟ್ಟುವುದು ಬೇಡ.

ತೆಗೆಯುವ ಕೆಲಸಕ್ಕೆ ಅದರದೇ ಕ್ರಮವಿದೆ, ಮತ್ತು ಭಾರತೀಯ ಮಾನಕ ಸಂಸ್ಥೆ ಕಲ್ನಾರು ವಸ್ತುಗಳ ಸುರಕ್ಷಿತ ಬಳಕೆಗೂ ತ್ಯಾಜ್ಯದ ವಿಲೇವಾರಿಗೂ ಐಎಸ್ 11769, ಐಎಸ್ 11768 ಎಂಬ ಮಾರ್ಗಸೂಚಿಗಳನ್ನು ಹೊರತಂದಿದೆ. ಅಂದಾಜುಪಟ್ಟಿಯಲ್ಲಿ ಇವನ್ನು ಉಲ್ಲೇಖಿಸಬೇಕೆಂದು ಎಂಜಿನಿಯರನ್ನು ಕೇಳಬಹುದು. ಕೆಲಸ ರಜೆಯಲ್ಲಿ ನಡೆಯಬೇಕು. ಶೀಟನ್ನು ಮೊದಲು ನೀರಿನಿಂದ ತೋಯಿಸಬೇಕು, ಬೋಲ್ಟನ್ನು ಕತ್ತರಿಸಿ ಅಥವಾ ಬಿಚ್ಚಿ ಶೀಟನ್ನು ಇಡಿಯಾಗಿ ಇಳಿಸಬೇಕು, ಮೇಲಿನಿಂದ ಎಸೆಯಬಾರದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗುರುತು ಹಾಕಬೇಕು. ಮುಖಕ್ಕೆ ಕಟ್ಟಿದ ಟವೆಲು ಇಲ್ಲವೇ ತೆಳು ಬಟ್ಟೆಯ ಮಾಸ್ಕು ಈ ಎಳೆಗಳನ್ನು ತಡೆಯುವುದಿಲ್ಲ, ಸೂಕ್ಷ್ಮ ಕಣ ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕೇ ಬೇಕು. ದಿನಗೂಲಿಗೆ ಬಂದ ಇಬ್ಬರು ಕೆಲಸಗಾರರೂ ಮಕ್ಕಳಂತೆಯೇ ನಮ್ಮ ಜವಾಬ್ದಾರಿ. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗುವ ಎಳೆಗಳು ಅವರ ಮಕ್ಕಳನ್ನೂ ತಲುಪುತ್ತವೆ.

ಇಷ್ಟಾದರೂ ದೂರು ಮುಗಿಯುವುದಿಲ್ಲ. ತೆಗೆದ ಶೀಟುಗಳು ಹೆಚ್ಚಾಗಿ ಶಾಲೆಯ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತವೆ, ಮಕ್ಕಳು ಅವುಗಳ ಸಂದಿನಲ್ಲಿ ಅಡಗಿ ಆಡುತ್ತಾರೆ, ಕೆಲವು ತಿಂಗಳಾದ ಮೇಲೆ ಹಳೆಯ ಸಾಮಾನಿನ ಹರಾಜಿನಲ್ಲಿ ಹೋಗುತ್ತವೆ. ಹರಾಜಿನಲ್ಲಿ ಕೊಂಡವರು ಅದನ್ನು ದನದ ಕೊಟ್ಟಿಗೆಗೋ ಬಚ್ಚಲಿಗೋ ಹಾಕಿಕೊಳ್ಳಲು ಮತ್ತೆ ಕೊರೆಯುತ್ತಾರೆ, ಉಳಿದ ಚೂರನ್ನು ಅಂಗಳದ ಕೆಸರಿಗೆ ಹಾಸುತ್ತಾರೆ. ಶಾಲೆಯಿಂದ ಹೊರಟ ಅಪಾಯ ಊರಿನ ಬಡವರ ಮನೆಯಲ್ಲಿ ಇಳಿಯುತ್ತದೆ. ಆದ್ದರಿಂದ ಮೊದಲ ಪತ್ರದಲ್ಲಿಯೇ ಇನ್ನೊಂದು ಕೋರಿಕೆ ಸೇರಿರಬೇಕು: ತೆಗೆದ ಶೀಟನ್ನು ಹರಾಜು ಹಾಕಬಾರದು, ವಿಲೇವಾರಿ ಎಲ್ಲಿ ಹೇಗೆ ಎಂಬುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯ ಲಿಖಿತ ಸಲಹೆ ಪಡೆಯಬೇಕು, ಸಾಗಿಸಿದ ರಸೀದಿಯ ಪ್ರತಿಯನ್ನು ಎಸ್‌ಡಿಎಂಸಿ ನಡವಳಿ ಪುಸ್ತಕದಲ್ಲಿ ಅಂಟಿಸಬೇಕು. ಆ ರಸೀದಿ ಬರುವವರೆಗೆ ಕಡತವನ್ನು ಮುಕ್ತಾಯಗೊಳಿಸಲು ಒಪ್ಪಬೇಡಿ.